ಎರಡು ಪೆಗ್ ಹಾಕಿದವರಿಗೆ ಏನೂ ಆಗಲಿಲ್ಲ, ಏಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಜೂನ್ ಮೊದಲ ವಾರ ನಾದಿನಿಯ ಮದುವೆಯ ಬೀಗರೂಟ ನಮ್ಮ ಮನೆಯಲ್ಲೇ ಆಯಿತು. ಕುರಿ ಮಾಂಸದ ಸಾರು, ಹುರಿದ ಮಾಂಸ, ಕಡುಬು. ಮಧ್ಯಾಹ್ನ ಉಂಡವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಉಳಿದ ಸಾರನ್ನು ಅದೇ ದೊಡ್ಡ ತಪ್ಪಲೆಯಲ್ಲಿ ಮುಚ್ಚಿಟ್ಟಿದ್ದೆವು. ಮಳೆ ಹಿಡಿದು ಥಂಡಿಯಾಗಿತ್ತು, ಕರೆಂಟೂ ಇರಲಿಲ್ಲ. ರಾತ್ರಿ ಎಂಟೂವರೆಗೆ ಬಿಸಿ ಮಾಡಿ ಮನೆಯವರು ಹದಿನಾಲ್ಕು ಜನ ಊಟ ಮಾಡಿದೆವು. ಬೆಳಗಿನ ಜಾವ ಐದರಿಂದ ಹನ್ನೊಂದು ಜನರಿಗೆ ಹೊಟ್ಟೆ ಹಿಂಡಿ ಭೇದಿ. ಜ್ವರ ಇರಲಿಲ್ಲ, ವಾಂತಿಯೂ ಅಷ್ಟಾಗಿ ಆಗಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಎಲ್ಲರೂ ಸುಧಾರಿಸಿಕೊಂಡೆವು. ಅತ್ತೆ ಗಂಜಿ ಕುಡಿದು ಮಲಗಿದ್ದರು, ನಾಲ್ಕು ವರ್ಷದ ಮಗಳು ಹಾಲನ್ನ ಉಂಡಿದ್ದಳು. ಅವರಿಬ್ಬರಿಗೆ ಏನೂ ಆಗಲಿಲ್ಲ. ಭಾವನವರೂ ಚೆನ್ನಾಗಿದ್ದರು. ಅವರು ಊಟಕ್ಕೆ ಮೊದಲು ಎರಡು ಪೆಗ್ ಬ್ರಾಂದಿ ತೆಗೆದುಕೊಂಡು, ತಡವಾಗಿ ಕುಳಿತು, ನಾಲ್ಕು ಚೂರು ಹುರಿದ ಮಾಂಸ, ಎರಡು ಕಡುಬು ತಿಂದು ಎದ್ದಿದ್ದರು. "ಬ್ರಾಂದಿ ಬ್ಯಾಕ್ಟೀರಿಯಾವನ್ನೆಲ್ಲ ಕೊಂದುಹಾಕಿತು" ಎಂದು ಈಗ ಎಲ್ಲರಿಗೂ ಹೇಳುತ್ತಿದ್ದಾರೆ. ಅಂದಿನಿಂದ ಮಗಳಿಗೆ ಹೊಟ್ಟೆ ಸರಿಯಿಲ್ಲವೆಂದರೆ ಅತ್ತೆ ಒಂದು ಚಮಚ ಬ್ರಾಂದಿಯನ್ನು ಬಿಸಿನೀರಿಗೆ ಹಾಕಿ ಕುಡಿಸಲು ಹೊರಡುತ್ತಾರೆ. ಇದು ಸರಿಯೇ? ನಾನು ಮನೆಯಲ್ಲಿ ನೇರಳೆ ಹಣ್ಣಿನ ವೈನ್, ಶುಂಠಿ ವೈನ್ ಮಾಡುತ್ತೇನೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂದು ನಂಬಬಹುದೇ? ಅಪ್ಪೆಮಿಡಿ ಭರಣಿಗೆ ಬ್ರಾಂದಿ ಹಾಕಿದರೆ ಬೂಸ್ಟು ಬರುವುದಿಲ್ಲವೆನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ತಂದದ್ದು ಮಗಳಿಗೆ ಕುಡಿಸುವ ಚಮಚ. ಆದ್ದರಿಂದ ಆ ಮಾತನ್ನು ಮೊದಲು ಮುಗಿಸುತ್ತೇನೆ. ಮಗುವಿಗೆ ಬ್ರಾಂದಿ ಬೇಡ. ಒಂದು ಚಮಚವೂ ಬೇಡ, ಬಿಸಿನೀರಿನಲ್ಲಿ ಬೆರೆಸಿಯೂ ಬೇಡ. ಹೊಟ್ಟೆ ಕೆಟ್ಟ ಮಗು ಸರಿಯಾಗಿ ಉಂಡಿರುವುದಿಲ್ಲ. ಆ ಹೊತ್ತಿನಲ್ಲಿ ರಕ್ತದಲ್ಲಿನ ಸಕ್ಕರೆಯ ಮಟ್ಟವನ್ನು ಹಿಡಿದು ನಿಲ್ಲಿಸುವುದು ಅದರ ಯಕೃತ್ತು. ಆಲ್ಕೋಹಾಲ್ ಹೋಗಿ ಆ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ದೊಡ್ಡವರಿಗೆ ಏನೂ ಅನ್ನಿಸದ ಪ್ರಮಾಣದಲ್ಲೂ ಚಿಕ್ಕ ಮಕ್ಕಳಲ್ಲಿ ಸಕ್ಕರೆ ಕುಸಿದು ಮಂಪರು, ಫಿಟ್ಸ್ ಬರುವ ಅಪಾಯವಿದೆ. ಜೊತೆಗೆ ಆಲ್ಕೋಹಾಲ್ ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತದೆ. ಭೇದಿಯಾಗುವ ಮಗುವಿಗೆ ಬೇಕಾಗಿರುವುದು ಇದರ ತದ್ವಿರುದ್ಧ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಮಳೆಗಾಲದಲ್ಲಿ ಪೇಟೆಗೆ ಹೋಗಲಾಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಅತ್ತೆಯವರು ಅಂದು ತಾವು ಕುಡಿದಂಥ ಗಂಜಿಗೆ ಚಿಟಿಕೆ ಉಪ್ಪು ಹಾಕಿ ಮೊಮ್ಮಗಳಿಗೂ ಕೊಡಲಿ, ಅದು ಒಳ್ಳೆಯದೇ. ಮಲದಲ್ಲಿ ರಕ್ತ ಕಂಡರೆ, ಮಗು ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಕರೆದರೆ ಕಣ್ಣು ಬಿಡದಷ್ಟು ಸೋತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಭಾವನವರ ವಿಚಾರ.

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹದಿನಾಲ್ಕು ಜನರಲ್ಲಿ ಮೂವರು ಆರಾಮವಾಗಿದ್ದರು. ಒಬ್ಬರು ಗಂಜಿ ಕುಡಿದವರು, ಒಬ್ಬಳು ಹಾಲನ್ನ ಉಂಡವಳು, ಇನ್ನೊಬ್ಬರು ಹುರಿದ ಮಾಂಸ ಮತ್ತು ಕಡುಬು ತಿಂದು ಎದ್ದವರು. ಮೂವರೂ ಸಾರು ಮುಟ್ಟಿಲ್ಲ. ಬ್ರಾಂದಿ ಕುಡಿದದ್ದು ಅವರಲ್ಲಿ ಒಬ್ಬರು ಮಾತ್ರ. ಮೂವರನ್ನೂ ಕಾಪಾಡಿದ್ದು ತಪ್ಪಲೆಯಿಂದ ದೂರ ಉಳಿದದ್ದು ಎಂದು ನನ್ನ ಅಭಿಪ್ರಾಯ.

ಆ ತಪ್ಪಲೆಯೊಳಗೆ ಏನಾಯಿತೆಂದು ಮಲ ಪರೀಕ್ಷೆ ಇಲ್ಲದೆ ಆಣೆ ಮಾಡಿ ಹೇಳಲಾಗದು. ಆದರೂ ಉಂಡ ಎಂಟೂವರೆ ಗಂಟೆಯ ನಂತರ ಹೊಟ್ಟೆ ಹಿಂಡುವ ನೋವು, ಭೇದಿ, ಜ್ವರವಿಲ್ಲ, ಒಂದು ದಿನದಲ್ಲಿ ವಾಸಿ ಎಂಬ ಲಕ್ಷಣಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಮಣ್ಣಿನಲ್ಲೂ ಪ್ರಾಣಿಗಳ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ ಇದು. ದೊಡ್ಡ ಪಾತ್ರೆಯಲ್ಲಿ ಮಾಂಸದ ಅಡುಗೆ ಮಾಡಿ ಹಾಗೆಯೇ ಬಿಟ್ಟ ಕಡೆಯಲ್ಲೆಲ್ಲ ಇದರ ಹಾವಳಿ. ಸಾರು ಕುದಿಯುವಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಾಣು ಸಾಯುವುದಿಲ್ಲ. ಬೀಜಾಣುವೆಂದರೆ ಕಷ್ಟಕಾಲಕ್ಕೆಂದು ಗಟ್ಟಿ ಕವಚ ತೊಟ್ಟು ಒಣಗಿ ಮಲಗಿದ ಜೀವಕಣ. ಕುದಿತದ ಬಿಸಿ ಅದನ್ನು ಕೊಲ್ಲುವ ಬದಲು ಎಬ್ಬಿಸುತ್ತದೆ. ಸಾರು 50 ಡಿಗ್ರಿಗಿಂತ ಕೆಳಗಿಳಿದಾಗ ಅದು ಮೊಳೆಯುತ್ತದೆ. 43ರಿಂದ 46 ಡಿಗ್ರಿಯ ನಡುವೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ವೇಗದಲ್ಲಿ ಮೂರು ಗಂಟೆಯಲ್ಲಿ ಒಂದು ಕಣ ಎರಡೂವರೆ ಲಕ್ಷ ದಾಟುತ್ತದೆ. ಹೊರಗೆ ಎಷ್ಟೇ ಥಂಡಿಯಿದ್ದರೂ ತುಂಬಿದ ತಪ್ಪಲೆಯ ನಡುಭಾಗ ಆರುವುದು ಬಹಳ ನಿಧಾನ. ಮೇಲೆ ಕಟ್ಟಿದ ಕೊಬ್ಬಿನ ಕೆನೆ, ಅದರ ಮೇಲೆ ಮುಚ್ಚಳ, ಒಳಗೆ ಗಾಳಿಯಿಲ್ಲದ ಬೆಚ್ಚನೆಯ ಸಾರು. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗದು, ಅದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಿಲ್ಲ. ರಾತ್ರಿ ನೀವು ಬಿಸಿ ಮಾಡಿದ್ದೀರಿ, ನಿಜ. ಅಂಚಿನಲ್ಲಿ ಗುಳ್ಳೆ ಬಂದೊಡನೆ ಇಳಿಸಿದರೆ ನಡುವಿನ ಸಾರು ಬೆಚ್ಚಗಷ್ಟೇ ಆಗಿರುತ್ತದೆ, ಬ್ಯಾಕ್ಟೀರಿಯಾ ಹಾಗೆಯೇ ಉಳಿಯುತ್ತದೆ.

ಹುರಿದ ಮಾಂಸದಲ್ಲಿ ಈ ತೊಂದರೆ ಆಗಲಿಲ್ಲವೇಕೆಂದರೆ, ಬಾಣಲೆಯಲ್ಲಿ ತೆಳ್ಳಗೆ ಹರಡಿದ ಒಣ ಮಾಂಸ ಬೇಗ ಆರುತ್ತದೆ, ಗಾಳಿಗೂ ತೆರೆದಿರುತ್ತದೆ.

ಹಾಗಾದರೆ ಬ್ರಾಂದಿ ಏನೂ ಮಾಡುವುದಿಲ್ಲವೇ ಎಂದರೆ, ಹಾಗೂ ಅಲ್ಲ. ಆಲ್ಕೋಹಾಲ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಎಷ್ಟು ಗಾಢತೆಯಲ್ಲಿ, ಎಷ್ಟು ಹೊತ್ತು, ಯಾವುದರ ಜೊತೆಯಲ್ಲಿ ಎಂಬುದನ್ನು ಬಿಟ್ಟು ಆಡಿದಾಗ ಆ ಸತ್ಯ ಕೆಡುತ್ತದೆ.

ತರಗತಿಯಲ್ಲಿ ನಾನು ಮಾಡಿ ತೋರಿಸುತ್ತಿದ್ದ ಒಂದು ಪ್ರಯೋಗವಿದೆ. ಎರಡು ಗಾಜಿನ ತಟ್ಟೆಗಳಲ್ಲಿ ಹಸಿ ಮೊಟ್ಟೆಯ ಬಿಳಿಯನ್ನು ಹಾಕಿ, ಒಂದಕ್ಕೆ ಶೇ. 70ರ ಸ್ಪಿರಿಟ್ಟನ್ನೂ ಇನ್ನೊಂದಕ್ಕೆ ಅದನ್ನೇ ನೀರು ಬೆರೆಸಿ ಶೇ. 5ಕ್ಕೆ ಇಳಿಸಿದ ದ್ರವವನ್ನೂ ಸುರಿಯುವುದು. ಮೊದಲನೆಯದು ಕಣ್ಣೆದುರೇ ಹಾಲಿನಂತೆ ಬೆಳ್ಳಗಾಗಿ, ಬೇಯಿಸಿದ ಮೊಟ್ಟೆಯ ಹಾಗೆ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ. ಎರಡನೆಯದು ತಿಳಿಯಾಗಿ ಹಾಗೆಯೇ ಕುಳಿತಿರುತ್ತದೆ. ಬ್ಯಾಕ್ಟೀರಿಯಾದ ಒಳಗಿನ ಪ್ರೋಟೀನಿಗೂ ಆಗುವುದು ಇದೇ. ಜೊತೆಗೆ ಇನ್ನೊಂದು ಏಟು ಬೀಳುತ್ತದೆ. ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆಯಿದೆ. ಆಲ್ಕೋಹಾಲ್ ನೀರಿನಲ್ಲೂ ಬೆರೆಯುತ್ತದೆ, ಕೊಬ್ಬಿನೊಳಗೂ ತೂರುತ್ತದೆ. ಮಳೆ ಹೊಡೆದ ಮಣ್ಣಿನ ಗೋಡೆಯಂತೆ ಪೊರೆ ಸಡಿಲವಾಗಿ, ಒಳಗಿನದು ಹೊರಗೆ ಸೋರುತ್ತದೆ. ಅಚ್ಚ ಸ್ಪಿರಿಟ್ಟಿಗಿಂತ ಶೇ. 70 ಹೆಚ್ಚು ಪರಿಣಾಮಕಾರಿ ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿ. ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಳ್ಳಲು ನೀರಿನ ಸಹಾಯ ಬೇಕು. ನೀರಿಲ್ಲದಿದ್ದರೆ ಹೊರಪದರ ಗಟ್ಟಿಕಟ್ಟಿ ಒಳಗಿನದು ಉಳಿದುಬಿಡಬಹುದು.

ಗಾಢತೆ ಇಳಿದಂತೆ ಕೊಲ್ಲುವ ಗುಣ ಹೋಗಿ ಬೆಳವಣಿಗೆಯನ್ನು ತಡೆಯುವ ಗುಣ ಉಳಿಯುತ್ತದೆ. ಶೇ. 10ರ ಆಸುಪಾಸಿನಲ್ಲಿ ಕಾಯಿಲೆ ತರುವ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು, ಆದರೆ ತಕ್ಷಣ ಸಾಯುವುದೂ ಇಲ್ಲ. ಇನ್ನೂ ಕೆಳಗಿಳಿದರೆ ಒಂದಷ್ಟು ಹೊತ್ತು ಮಂಕಾಗಿದ್ದು ಮತ್ತೆ ಚಿಗುರುತ್ತವೆ.

ಭಾವನವರ ಲೆಕ್ಕ ಹಾಕೋಣ. ನಮ್ಮಲ್ಲಿ ಸಿಗುವ ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುತ್ತದೆ. 30 ಮಿಲಿಲೀಟರಿನ ಎರಡು ಪೆಗ್ ಎಂದರೆ ಆಲ್ಕೋಹಾಲ್ ಸುಮಾರು 26 ಮಿಲಿಲೀಟರ್. ಇನ್ನೂರು ಮಿಲಿಲೀಟರ್ ನೀರು ಬೆರೆಸಿದರೆ ಲೋಟದಲ್ಲೇ ಶೇ. 10ಕ್ಕೆ ಇಳಿಯಿತು. ಮೇಲೆ ಅರ್ಧ ಕಿಲೋಗಿಂತ ಹೆಚ್ಚು ಊಟ, ನೀರು, ಜಠರರಸ ಸೇರಿದರೆ ಶೇ. 3ರಷ್ಟು. ಅದೂ ಅಲ್ಲಿ ಉಳಿಯುವುದಿಲ್ಲ, ಬೇಗನೆ ರಕ್ತಕ್ಕೆ ಸೇರಿಹೋಗುತ್ತದೆ. ಮೊಟ್ಟೆಯ ಬಿಳಿಯನ್ನು ತಿಳಿಯಾಗಿಯೇ ಬಿಟ್ಟ ಆ ಎರಡನೇ ತಟ್ಟೆಯನ್ನು ಇಲ್ಲಿ ನೆನಪಿಸಿಕೊಳ್ಳಿ. ಹೊಟ್ಟೆಯಲ್ಲಿ ನಿಜವಾದ ಕಾವಲುಗಾರ ಜಠರದ ಆಮ್ಲ.

ಆದರೂ ನಿಮ್ಮ ಭಾವನವರ ಪರವಾಗಿ ಹೇಳಬೇಕಾದದ್ದನ್ನು ಮುಚ್ಚಿಡುವುದು ಸರಿಯಲ್ಲ. 1988ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹಸಿ ಸಿಂಪಿಮಾಂಸ ತಿಂದವರಲ್ಲಿ ಹೆಪಟೈಟಿಸ್ ಎ ಎಂಬ ಯಕೃತ್ತಿನ ವೈರಸ್ ಸೋಂಕು ಹರಡಿತ್ತು. ಸಿಂಪಿಯ ಜೊತೆ ಶೇ. 10 ಅಥವಾ ಹೆಚ್ಚಿನ ಆಲ್ಕೋಹಾಲ್ ಇರುವ ಪಾನೀಯ ಕುಡಿದವರಲ್ಲಿ ಕಾಯಿಲೆ ಕಡಿಮೆ ಕಂಡಿತೆಂದು 1992ರಲ್ಲಿ ವರದಿಯಾಯಿತು. ಸ್ಪೇನಿನಲ್ಲಿ ಔತಣವೊಂದರ ನಂತರ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿದಾಗಲೂ ಇಂಥದೇ ಫಲಿತಾಂಶ ಬಂದು 2002ರಲ್ಲಿ ಪ್ರಕಟವಾಯಿತು. ಇವು ಮೂಢನಂಬಿಕೆಯ ಮಾತುಗಳಲ್ಲ, ಗಂಭೀರ ಅಧ್ಯಯನಗಳು. ಆದರೆ ಇವೆರಡೂ ಘಟನೆ ನಡೆದುಹೋದ ಮೇಲೆ ಯಾರು ಏನು ತಿಂದರು, ಏನು ಕುಡಿದರು ಎಂದು ಕೇಳಿ ಬರೆದುಕೊಂಡವು. ಕುಡಿಯುವವರು ತಿನ್ನುವ ಬಗೆಯೇ ಬೇರೆ. ಎಷ್ಟು ತಿಂದರು, ಯಾವಾಗ ತಿಂದರು, ಯಾವುದನ್ನು ಬಿಟ್ಟರು ಎಂಬುದನ್ನೆಲ್ಲ ಬೇರ್ಪಡಿಸುವುದು ಕಷ್ಟ. ನಿಮ್ಮ ಮನೆಯಲ್ಲೇ ಅದು ಹೇಗೆ ನಡೆಯಿತೆಂದು ನೋಡಿದಿರಲ್ಲ. ಒಂದಷ್ಟು ರಕ್ಷಣೆ ಇದ್ದರೂ ಇರಬಹುದು. ಅದನ್ನು ನಂಬಿ ಕೆಟ್ಟ ಸಾರು ಉಣ್ಣುವಷ್ಟು ಅಲ್ಲ.

ಇನ್ನು ಎರಡು ಕಡೆ ಬ್ರಾಂದಿಯಷ್ಟೇ ಏಕೆ, ಶೇ. 70ರ ಸ್ಪಿರಿಟ್ಟೂ ಸೋಲುತ್ತದೆ. ಒಂದು, ಬೀಜಾಣು. ಪ್ರಯೋಗಾಲಯದಲ್ಲಿ ಮಾದರಿಯೊಂದರಿಂದ ಬೀಜಾಣುಗಳನ್ನಷ್ಟೇ ಆರಿಸಿ ತೆಗೆಯಬೇಕಾದಾಗ ನಾವು ಮಾಡುವುದೇ ಅದಕ್ಕೆ ಸಮಪ್ರಮಾಣದ ಆಲ್ಕೋಹಾಲ್ ಬೆರೆಸಿ ಒಂದು ಗಂಟೆ ಬಿಡುವುದು. ಉಳಿದ ಬ್ಯಾಕ್ಟೀರಿಯಾಗಳೆಲ್ಲ ಸಾಯುತ್ತವೆ, ಬೀಜಾಣುಗಳು ಉಳಿಯುತ್ತವೆ. ಎರಡು, ಆಗಲೇ ಆಹಾರದಲ್ಲಿ ಬಿಟ್ಟಿರುವ ವಿಷ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಉಂಟುಮಾಡುವ, ವಾಂತಿ ಬರಿಸುವ ವಿಷ ಪ್ರೆಶರ್ ಕುಕ್ಕರಿನ ಬಿಸಿಗೂ ಜಗ್ಗುವುದಿಲ್ಲ. ಕೈಯ ಗಾಯದಿಂದ, ಮೂಗಿನಿಂದ ಅಡುಗೆಗೆ ಸೇರುವ ಸ್ಟ್ಯಾಫಿಲೊಕಾಕಸ್‌ನ ವಿಷವೂ ಅಷ್ಟೇ ಮೊಂಡು. ಬ್ಯಾಕ್ಟೀರಿಯಾ ಸತ್ತರೂ ಅದು ಕಕ್ಕಿದ ವಿಷ ಅಲ್ಲೇ ಇರುತ್ತದೆ. ಉಂಡ ಎರಡು ಮೂರು ಗಂಟೆಯಲ್ಲೇ ವಾಂತಿ ಶುರುವಾದರೆ ಹೆಚ್ಚಾಗಿ ಈ ಎರಡರಲ್ಲೊಂದು ಕಾರಣ. ಆಗ ಪೆಗ್ ಹಾಕಿಯೂ ಪ್ರಯೋಜನವಿಲ್ಲ.

ಮುಂದಿನ ಬೀಗರೂಟಕ್ಕೆ ಏನು ಮಾಡಬಹುದೆಂದರೆ, ಉಳಿದ ಸಾರನ್ನು ಊಟ ಮುಗಿದ ಕೂಡಲೇ ನಾಲ್ಕು ಬೆರಳು ಆಳ ಬರುವಂತೆ ಅಗಲದ ಪಾತ್ರೆಗಳಿಗೆ ಹಂಚಿ. ನಿಮ್ಮ ಕಡೆ ಅನೇಕ ಮನೆಗಳ ಹಿತ್ತಿಲಿಗೆ ಅಬ್ಬಿ ನೀರು ಬರುತ್ತದೆ. ಆ ಪಾತ್ರೆಗಳನ್ನು ಹರಿಯುವ ಅಬ್ಬಿ ನೀರಿನ ತೊಟ್ಟಿಯಲ್ಲಿ ಕುತ್ತಿಗೆ ಮಟ್ಟಕ್ಕೆ ಇಟ್ಟು ಆಗಾಗ ಸೌಟಿನಿಂದ ಕದಡಿದರೆ ಬಹಳ ಬೇಗ ತಣ್ಣಗಾಗುತ್ತದೆ. ಎರಡು ಗಂಟೆಯೊಳಗೆ ಆರಿ ಫ್ರಿಜ್ ಸೇರಬೇಕು. ಕರೆಂಟ್ ಇಲ್ಲದಿದ್ದರೆ ಹಳಬರು ಮಾಡುತ್ತಿದ್ದುದೇ ಸರಿ: ಒಲೆಯ ಮೇಲೆ ಕೆಂಡವಿಟ್ಟು ಸಾರನ್ನು ಕೈ ಸುಡುವಷ್ಟು ಬಿಸಿಯಲ್ಲೇ ಇರಿಸುವುದು. 60 ಡಿಗ್ರಿಗಿಂತ ಮೇಲೆ ಈ ಬ್ಯಾಕ್ಟೀರಿಯಾ ಬೆಳೆಯದು. ಸೌದೆ ಒಲೆ ಹೋಗಿ ಗ್ಯಾಸ್ ಬಂದಾಗ ಆ ಕೆಂಡವೂ ಹೋಯಿತು, ಮುಚ್ಚಿಡುವ ಅಭ್ಯಾಸ ಮಾತ್ರ ಉಳಿಯಿತು. ಮತ್ತೆ ಉಣ್ಣುವ ಮೊದಲು ಕದಡುತ್ತಾ, ನಡುವೆಯೂ ಕೊತಕೊತ ಕುದಿಯುವವರೆಗೆ ಬಿಸಿ ಮಾಡಿ. ಇದ್ಯಾವುದೂ ಸಾಧ್ಯವಾಗದೆ ಇಡೀ ಮಧ್ಯಾಹ್ನ ತಪ್ಪಲೆಯಲ್ಲೇ ಉಳಿದರೆ ಚೆಲ್ಲಿಬಿಡಿ. ಕುರಿ ಮಾಂಸದ ಬೆಲೆ ನನಗೂ ಗೊತ್ತು, ಆದರೂ ಚೆಲ್ಲಿ.

ವೈನಿನ ಪ್ರಶ್ನೆ ನನಗೆ ಇಷ್ಟವಾಯಿತು, ಏಕೆಂದರೆ ಆಲ್ಕೋಹಾಲ್ ನಿಜವಾಗಿ ಆಹಾರ ಕಾಯುವುದು ಇಲ್ಲಿ. ಅದೂ ಒಂಟಿಯಾಗಿ ಅಲ್ಲ, ಹುಳಿಯ ಜೊತೆಗೂಡಿ. ಶೇ. 11–12 ಆಲ್ಕೋಹಾಲ್, ಪಿಎಚ್ (ಹುಳಿಯ ಅಳತೆ; ಅಂಕೆ ಇಳಿದಷ್ಟೂ ಹುಳಿ ಹೆಚ್ಚು) 3.5ರ ಆಸುಪಾಸಿನ ಹುಳಿ ಇರುವ ವೈನಿನಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ. ಅಷ್ಟೇ ಆಲ್ಕೋಹಾಲನ್ನು ಬರೀ ನೀರಿನಲ್ಲಿ ಬೆರೆಸಿದರೆ ಆ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ. ನಮ್ಮ ಆಯುರ್ವೇದದ ಆಸವ, ಅರಿಷ್ಟಗಳನ್ನೇ ನೋಡಿ. ದ್ರಾಕ್ಷಾಸವ, ದಶಮೂಲಾರಿಷ್ಟಗಳನ್ನು ಧಾತಕಿ ಹೂ, ಬೆಲ್ಲ ಹಾಕಿ ಹುದುಗಿಸುತ್ತಾರೆ. ಅವುಗಳಲ್ಲಿ ತಾನಾಗಿಯೇ ಹುಟ್ಟುವ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 5ರಿಂದ 10. ಹುಳಿ, ಒಗರು, ಸಿಹಿ ಜೊತೆಗಿರುವುದರಿಂದ ಅಷ್ಟರಲ್ಲೇ ಔಷಧ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ನಿಮ್ಮ ಎರಡು ವೈನ್‌ಗಳಲ್ಲಿ ನೇರಳೆಯದು ತಾನೇ ಹುಳಿ ಮತ್ತು ಒಗರು, ಅದರ ಬಗ್ಗೆ ನನಗೆ ಭಯ ಕಡಿಮೆ. ಶುಂಠಿಯದರ ಬಗ್ಗೆ ಎಚ್ಚರ ಬೇಕು. ಶುಂಠಿಯಲ್ಲಿ ಹೇಳಿಕೊಳ್ಳುವಂಥ ಹುಳಿಯೂ ಇಲ್ಲ, ಸಕ್ಕರೆಯೂ ಇಲ್ಲ. ಮೇಲಾಗಿ ಅದು ಮಣ್ಣಿನೊಳಗಿಂದ ಬಂದದ್ದು, ಬೀಜಾಣುಗಳನ್ನು ಹೊತ್ತೇ ಬರುತ್ತದೆ. ಯೀಸ್ಟ್ ಹಾಕಿದ ಮೊದಲ ಒಂದೆರಡು ದಿನ ಭರಣಿಯಲ್ಲಿ ಆಲ್ಕೋಹಾಲ್ ಬಹಳ ಕಡಿಮೆ. ಮಲೆನಾಡಿನ ಮಳೆಗಾಲದ ಚಳಿಗೆ ಯೀಸ್ಟ್ ಏಳುವುದು ಇನ್ನೂ ತಡ. ಆಲ್ಕೋಹಾಲಿನ ಕಾವಲಿಲ್ಲದ ಆ ಅವಧಿಯಲ್ಲಿ ಕಾಯುವುದು ಹುಳಿಯೊಂದೇ. ಆದ್ದರಿಂದ ನಿಂಬೆರಸವನ್ನು ಕೊನೆಯಲ್ಲಿ ರುಚಿಗೆಂದು ಹಾಕುವ ಬದಲು ಮೊದಲೇ ಹಾಕಿ. ಪಿಎಚ್ ಪಟ್ಟಿಯಲ್ಲಿ ನೋಡಿದಾಗ 4ಕ್ಕಿಂತ ಕೆಳಗೆ ಇರಬೇಕು, 3.5 ಆದರೆ ಇನ್ನೂ ಒಳ್ಳೆಯದು. ಶುಂಠಿಯನ್ನು ಸಿಪ್ಪೆ ಹೆರೆದು, ತೊಳೆದು, ಕುದಿಸಿ ಆರಿಸಿಯೇ ಬಳಸಿ. ವೀಳ್ಯದೆಲೆ ವೈನ್ ಮಾಡುವವರಿಗೂ ಇದೇ ಮಾತು.

ಸಕ್ಕರೆಯ ಲೆಕ್ಕವೂ ಬೇಕು. ಒಂದು ಲೀಟರ್ ರಸದಲ್ಲಿ ಶೇ. 1 ಆಲ್ಕೋಹಾಲ್ ಬರಲು ಸುಮಾರು 17 ಗ್ರಾಂ ಸಕ್ಕರೆ ಬೇಕು. ಹಣ್ಣಿನದ್ದೂ ಹಾಕಿದ್ದೂ ಸೇರಿ 200 ಗ್ರಾಂ ಇದ್ದು ಪೂರ್ತಿ ಹುದುಗಿದರೆ ಶೇ. 11–12 ಬರುತ್ತದೆ. ಕಣ್ಣಂದಾಜಿನಲ್ಲಿ ಕಡಿಮೆ ಹಾಕಿದರೆ ಶೇ. 5ಕ್ಕೆ ನಿಂತು, ಹೆಸರಿಗಷ್ಟೇ ವೈನ್ ಆಗಿ ಉಳಿಯುತ್ತದೆ. ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಎಂಬ ಗಾಜಿನ ತೇಲುಕಡ್ಡಿ ದುಬಾರಿಯಲ್ಲ, ಒಂದನ್ನು ಇಟ್ಟುಕೊಳ್ಳಿ. ಹುದುಗುವ ಮೊದಲು 1.085, ಕೊನೆಗೆ 0.998 ತೋರಿಸಿದರೆ ವ್ಯತ್ಯಾಸ 0.087, ಅದನ್ನು 131ರಿಂದ ಗುಣಿಸಿದರೆ ಶೇ. 11.4. ಗುಳ್ಳೆ ನಿಲ್ಲುವ ಮೊದಲು ಬಾಟಲಿಗೆ ತುಂಬಿ ಬಿರಡೆ ಬಿಗಿಯಬೇಡಿ, ಬಾಟಲಿ ಸಿಡಿದು ಕಣ್ಣಿಗೆ ಅಪಾಯ. ಭಟ್ಟಿ ಇಳಿಸುವ ಯೋಚನೆಯಂತೂ ಎಂದೂ ಬೇಡ. ಯಾರಿಗಾದರೂ ಮಾರುವ ಆಲೋಚನೆಯಿದ್ದರೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧವೆಂಬುದು ತಿಳಿದಿರಲಿ. ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿ.

ಕೊನೆಗೆ ಅಪ್ಪೆಮಿಡಿ. ಐದು ಕಿಲೋ ಉಪ್ಪಿನಕಾಯಿಗೆ ಎರಡು ಚಮಚ, ಅಂದರೆ ಹತ್ತು ಮಿಲಿಲೀಟರ್ ಬ್ರಾಂದಿ ಹಾಕಿದರೆ ಅದರಲ್ಲಿ ಸೇರುವ ಆಲ್ಕೋಹಾಲ್ ಶೇ. 0.1 ಕೂಡ ಆಗದು. ಬೂಸ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಖಾಲಿ ಭರಣಿಯ ಒಳಮೈಯನ್ನು ಬ್ರಾಂದಿ ಅದ್ದಿದ ಬಟ್ಟೆಯಿಂದ ಒರೆಸಿ ಆರಲು ಬಿಟ್ಟರೆ ಸ್ವಲ್ಪ ಉಪಯೋಗವಿದೆ, ಏಕೆಂದರೆ ಅಲ್ಲಿ ನೀರು ಬೆರೆತು ತೆಳುವಾಗುವುದಿಲ್ಲ. ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಭರಣಿಗೆ ಅದೂ ಬೇಕಿಲ್ಲ. ಮಿಡಿಯನ್ನು ಕಾಯುತ್ತಿರುವುದು ಉಪ್ಪು ಮತ್ತು ಅದರದೇ ಹುಳಿ. ಬೂಸ್ಟು ಬರುವುದು ಉಪ್ಪು ಕಡಿಮೆಯಾದಾಗ, ಮಿಡಿ ರಸದಿಂದ ಮೇಲೆ ತೇಲಿದಾಗ, ಒದ್ದೆ ಚಮಚ ಹಾಕಿದಾಗ. ಮಿಡಿಗಳ ಮೇಲೆ ಚೆನ್ನಾಗಿ ತೊಳೆದ ಭಾರದ ಕಲ್ಲೊಂದನ್ನಿಟ್ಟು, ಉಪ್ಪುನೀರು ಎರಡು ಬೆರಳು ಮೇಲೆ ನಿಲ್ಲುವಂತೆ ನೋಡಿಕೊಳ್ಳಿ. ಭರಣಿಯ ಚಮಚ ಮರದ್ದಾಗಿರಲಿ, ಒಣಗಿರಲಿ, ಬೇರೆ ಯಾವುದಕ್ಕೂ ಹೋಗದಿರಲಿ.